ಪ್ಲಸ್ ಹನ್ನೆರಡು

“ಕಾಫಿ ತಗೊಳ್ಳಿ” ಎಂದು ಕಯಲ್‌ವಿಳಿ ಲೋಟ ಚಾಚಿದ್ದು ವರನಿಗಲ್ಲ, ಮದುವೆ ದಲ್ಲಾಳಿಗೆ.

ಹೆಣ್ಣು ನೋಡಲು ಬಂದವರೆಲ್ಲ ಮುಸಿಮುಸಿ ನಕ್ಕರು. ಸೋಡಾಬುಡ್ಡಿ ಕನ್ನಡಕ ಹಾಕಿದರೆ ಸಂಬಂಧ ಕುದುರುವುದಿಲ್ಲವೆಂದು ಸೋದರತ್ತೆ ಅದನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡಿದ್ದಳು. ಕಯಲ್‌ವಿಳಿ ಎಂದರೆ ತಮಿಳಿನಲ್ಲಿ ಮೀನುಗಣ್ಣಿ. ಮದುರೈಯ ಆ ಬೀದಿ ಅದನ್ನು ಹೇಳಿಯೇ ಆಡಿಕೊಳ್ಳುತ್ತಿತ್ತು.

ಕಯಲ್‌ಗೆ ಮೈಯೆಲ್ಲ ಉರಿಯಿತು. ಸೀದಾ ಹೋಗಿ ಅತ್ತೆಯ ಸೆರಗಿನ ಗಂಟು ಬಿಚ್ಚಿ, ಕನ್ನಡಕ ಏರಿಸಿ, ವರನ ಎದುರಿಗೇ ನಿಂತಳು.

“ಈಗ ಕಾಣಿಸ್ತೀರಿ. ನೋಡೋದಿದ್ರೆ ಹೀಗೇ ನೋಡಿ.”

ವರ ತವಮಣಿ ಕನ್ನಡಕದಂಗಡಿ ಇಟ್ಟುಕೊಂಡು ತಾನೇ ಗಾಜು ಉಜ್ಜಿ ಪವರ್ ಕೂರಿಸುವವನು. “ಪ್ಲಸ್ ಹನ್ನೆರಡು,” ಎಂದ ಮೆಲ್ಲಗೆ. “ಕಣ್ಣೊಳಗೆ ಲೆನ್ಸೇ ಇಲ್ವಾ? ಈಗ ಅದನ್ನೂ ಹಾಕ್ತಾರೆ ಕಣ್ರೀ.”

ಮಾರನೆಯ ದಿನ ದಲ್ಲಾಳಿ ಮಾತು ತಂದ. ಮೊದಲು ಆಪರೇಷನ್, ಆಮೇಲೆ ಮದುವೆ.

“ರಿಪೇರಿ ಮಾಡಿಸಿ ಕೊಡೋಕೆ ನಾನೇನು ಹಳೇ ಹೊಲಿಗೆ ಮೆಷೀನಾ? ಆಗಲ್ಲ ಅಂತ ಹೇಳಿ.”

ಆದರೆ ಅವನ ಮಾತು ತಲೆಯಿಂದ ಹೋಗಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಎರಡೂ ಕಣ್ಣೊಳಗೆ ಜಾರಿದ ಹುಟ್ಟು ಲೆನ್ಸನ್ನು ತೆಗೆದಾಗ, ಇನ್ನೊಂದನ್ನು ಕೂರಿಸಲು ಆಧಾರವೇ ಇಲ್ಲ ಎಂದಿದ್ದರು. ಈಗ ಆಗುತ್ತದೆ ಎಂದರೆ... ಯಾರಿಗೋಸ್ಕರವೂ ಅಲ್ಲ, ನನಗೋಸ್ಕರ! ಅಮ್ಮ ಅತ್ತರೂ ಕೇಳದೆ ಆಸ್ಪತ್ರೆಗೆ ಹೋದಳು.

“ಲೆನ್ಸ್ ಕೂರೋ ಚೀಲಾನೇ ಇಲ್ಲಮ್ಮ ನಿಂಗೆ,” ಎಂದರು ಡಾಕ್ಟರಮ್ಮ. “ಹೊಸ ಲೆನ್ಸಿನ ಎರಡು ಸಣ್ಣ ಕಾಲನ್ನ ಕಣ್ಣಿನ ಬಿಳಿ ಗೋಡೆಯೊಳಗೇ ಸಿಕ್ಕಿಸ್ತೀವಿ. ಮುಂದೆ ಜಾರಲೂಬಹುದು.”

ಕಯಲ್ ರವಿಕೆ ಹೊಲಿಯುವವಳು. “ಹುಕ್ ಕಿತ್ತು ಬರುತ್ತೆ ಅಂತ ಯಾರಾದ್ರೂ ರವಿಕೆ ಹಾಕೋದು ಬಿಡ್ತಾರಾ ಡಾಕ್ಟ್ರೇ?” ಎಂದು ಸಹಿ ಹಾಕಿದಳು.

ಎರಡು ತಿಂಗಳ ಮೇಲೆ, ಮೊದಲು ಆಪರೇಷನ್ ಆದ ಬಲಗಣ್ಣಿಗೆ ಗುಡಿಯ ಗೋಪುರದ ಗೊಂಬೆಗಳು ಕನ್ನಡಕವಿಲ್ಲದೇ ಕಂಡವು. ಸೂಜಿಗೆ ದಾರ ಪೋಣಿಸಲು ಮಾತ್ರ ಹತ್ತಿರದ ಕನ್ನಡಕ ಬೇಕಿತ್ತು. ಊರಲ್ಲಿ ನೂರು ಅಂಗಡಿ ಇದ್ದರೂ ಅವಳ ಕಾಲು ತವಮಣಿಯ ಅಂಗಡಿಗೇ ಹೋಯಿತು.

“ನಿಮ್ಮ ಷರತ್ತು ಪೂರೈಸೋಕೆ ಬಂದಿಲ್ಲ. ಕನ್ನಡಕ ಮಾಡಿಸೋಕೆ ಬಂದೆ.”

“ಯಾವ ಷರತ್ತು?”

ಅವಳು ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

“ನಾನು ಒಪ್ಪಿಗೆ ಅಂತ ಹೇಳಿ ಕಳಿಸಿದ್ದೆ. ಷರತ್ತು ಅಮ್ಮ ಸೇರಿಸಿರ್ಬೇಕು. ನೀವು ಬೇಡ ಅಂದ್ರಿ ಅಂತಷ್ಟೇ ನನಗೆ ಹೇಳಿದ್ರು... ಅವತ್ತು ಕನ್ನಡಕ ಹಾಕ್ಕೊಂಡು ಎದುರಿಗೆ ನಿಂತ್ರಲ್ಲ, ಆಗ್ಲೇ ಬೇರೆ ಯಾರೂ ಬೇಡ ಅನ್ನಿಸಿತ್ತು ನನಗೆ.”

ಆದರೂ ಕಯಲ್ ಬಿಟ್ಟುಕೊಡಲಿಲ್ಲ. “ನಾಳೆ ಈ ಲೆನ್ಸೂ ಜಾರಿದ್ರೆ?”

“ಮತ್ತೆ ಪ್ಲಸ್ ಹನ್ನೆರಡು ಉಜ್ಜಿಕೊಡ್ತೀನಿ.”

“ಇದನ್ನ ನಿಮ್ಮಮ್ಮನ ಎದುರಿಗೆ ಹೇಳ್ತೀರಾ? ನಾನೂ ಅಲ್ಲೇ ನಿಂತಿರ್ತೀನಿ.”

ಅವನು ಅಂಗಡಿಯ ಬಾಗಿಲೆಳೆದ. “ನಡೀರಿ.”

ದಾರಿಯುದ್ದಕ್ಕೂ ಅವಳು ಅವನನ್ನೇ ನೋಡುತ್ತಿದ್ದಳು.

“ಏನ್ರೀ ಹಾಗೆ ನೋಡ್ತೀರಾ?”

“ಆ ಗಾಜಲ್ಲಿ ಎಲ್ಲಾ ದೊಡ್ಡದಾಗಿ ಕಾಣ್ತಿತ್ತು. ನಿಜವಾಗ್ಲೂ ನೀವು ಇಷ್ಟೇನಾ?”

“ಇಷ್ಟೇ. ಬೇಡ್ವಾ?”

“ಸಾಕು,” ಎಂದು ಕಯಲ್ ನಡುಬೀದಿಯಲ್ಲೇ ಅವನ ಕೈ ಹಿಡಿದುಕೊಂಡಳು.