ಗೊಲ್ಲಾಳಮ್ಮನ ಮುಗಿದ ಮನೆ

ಏಪ್ರಿಲ್ 22, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿರುವ ಬಿಳಿಗುಂಡ ಪೊಲೀಸ್ ಠಾಣೆಗೆ ಗಂಡ ಹೆಂಡತಿ ಇಬ್ಬರು ಬಂದು, ತಮ್ಮ ಮನೆ ಮುಗಿದಿಲ್ಲ ಎಂದು ದೂರಿದರು. ಹೆಡ್ ಕಾನ್ಸ್‌ಟೇಬಲ್ ರಾಜಾಸಾಬ ಪೆನ್ನು ಕೆಳಗಿಟ್ಟ. ಅವನ ನೌಕರಿಯಲ್ಲಿ ಕಳವು, ಹೊಡೆದಾಟ, ಮರಳಿನ ಟ್ರ್ಯಾಕ್ಟರು ಎಲ್ಲ ಬಂದಿದ್ದವು. ಇಂಥದ್ದು ಬಂದಿರಲಿಲ್ಲ.

"ಮುಗಿದಿಲ್ಲಂದ್ರ ಗೌಂಡಿ ಕಡೆ ಹೋಗ್ರಿ. ನಾವೇನು ಇಟ್ಟಂಗಿ ಹೊರಾಕ ಕುಂತೀವೇನು?"

"ಗೌಂಡಿದಲ್ರಿ ಸಾಹೇಬ್ರ," ಎಂದ ಗಂಡ ಅಮರಪ್ಪ. ಶಹಾಪುರದ ಹತ್ತಿ ಜಿನ್ನಿನಲ್ಲಿ ಅವನು ಹಮಾಲ. "ನಮ್ಮ ಮನಿ ಮುಗದೈತಂತ ಪಟ್ಟಣ ಪಂಚಾಯಿತಿಯಿಂದ ದಿಲ್ಲಿಗಿ ವರದಿ ಹೋಗೇತಿ. ನಮ್ಮ ಮನಿಗಿ ಸ್ಲ್ಯಾಬೇ ಇಲ್ಲ, ತಾಡಪತ್ರಿ ಐತಿ. ಬೇಕಾದ್ರ ಬಂದು ನೋಡ್ರಿ."

ಹೆಂಡತಿ ಗೊಲ್ಲಾಳಮ್ಮ ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು. "ಹೋದ ಮಳಿಗಾಲ ಜಿನ್ನಿನ ಪಡಸಾಲ್ಯಾಗ ಮಲಗೀವ್ರಿ," ಎಂದಳು. "ಇನ್ನೊಂದು ಮಳಿಗಾಲ ಆಗೂದಿಲ್ರಿ ನನ್ನ ಕಡಿಂದ."

ಒಳಗಿದ್ದ ಪಿಎಸ್‌ಐ ಸುಮಲತಾ ಇಬ್ಬರನ್ನೂ ಕರೆದು ಕೂರಿಸಿದಳು. ಸುಮಲತಾ ಸುರಪುರದ ಮಗಳು, ಯಾದಗಿರಿಯ ಸೊಸೆ. ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಅಮರಪ್ಪ ಹೇಳಿದ್ದನ್ನು ಅವಳು ಸಾವಕಾಶವಾಗಿ ಬರೆದುಕೊಂಡಳು. ಕೇಂದ್ರ ಸರ್ಕಾರದ ವಸತಿ ಯೋಜನೆಯ ಹಣ ಕಂತಿನಲ್ಲಿ ಬರುತ್ತದೆ. ಬುನಾದಿಗೊಂದು, ಗೋಡೆಗೊಂದು, ಸ್ಲ್ಯಾಬ್‌ಗೊಂದು. ಪ್ರತಿ ಸಲವೂ ಮನೆಯ ಜಾಗದಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯಬೇಕು, ಆ ಜಾಗದ ಗುರುತು ಫೋಟೋದೊಳಗೆ ತಾನೇ ಸೇರಿಕೊಳ್ಳುತ್ತದೆ. ಇವರ ಮನೆ ಗೋಡೆಗೇ ನಿಂತಿದೆ. ಆದರೆ ಕಚೇರಿಯ ಲೆಕ್ಕದಲ್ಲಿ ಮಾರ್ಚ್ 29ಕ್ಕೆ ಪೂರ್ಣಗೊಂಡಿದೆ, ಉಳಿದ ಹಣವೂ ಪಾವತಿಯಾಗಿದೆ. ಒಂದು ಕುಟುಂಬಕ್ಕೆ ಜೀವಮಾನದಲ್ಲಿ ಒಂದೇ ಮನೆ. ಮುಗಿದದ್ದು ಎಂದಾದರೆ ಮತ್ತೆ ಯಾರೂ ಈ ಕಡೆ ತಿರುಗಿ ನೋಡುವುದಿಲ್ಲ.

ವಂಚನೆ ಮತ್ತು ಖೊಟ್ಟಿ ದಾಖಲೆ ಸೃಷ್ಟಿಯ ಆರೋಪದಡಿ, ಭಾರತೀಯ ನ್ಯಾಯ ಸಂಹಿತೆಯ ಕಲಂ 318(4), 336(3) ಮತ್ತು 340(2)ರಂತೆ ಎಫ್‌ಐಆರ್ ದಾಖಲಾಯಿತು. ಆರೋಪಿಗಳ ಕಾಲಂನಲ್ಲಿ 'ಅಪರಿಚಿತರು' ಎಂದು ಬರೆದರು.

ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಜಲಾಲುದ್ದೀನ ಪೊಲೀಸರನ್ನು ಕಂಡದ್ದೇ ಚಹಾ ತರಿಸಿದ. ಕೇಳದೆ ಬಂದ ಚಹಾದ ಮೇಲೆ ಸುಮಲತಾಗೆ ಮೊದಲಿನಿಂದಲೂ ವಿಶ್ವಾಸ ಕಡಿಮೆ.

"ಫೋಟೋ ತೋರಿಸ್ರಿ."

ಕಂಪ್ಯೂಟರಿನಲ್ಲಿ ಫೋಟೋ ತೆರೆಯಿತು. ನೀಲಿ ಬಣ್ಣದ ಹೊಸ ಮನೆ, ಬಾಗಿಲಿಗೆ ಮಾವಿನ ತೋರಣ. ಮುಂದೆ ನಿಂತು ಗೊಲ್ಲಾಳಮ್ಮ ಬಾಯ್ತುಂಬ ನಗುತ್ತಿದ್ದಾಳೆ.

ರಾಜಾಸಾಬ ಬಗ್ಗಿ ನೋಡಿದ. "ಯಾ ಅಲ್ಲಾ! ಮುಂಜಾನಿ ಬಂದಾಕಿನೇ ಅಲ್ಲೇನ್ರಿ ಮೇಡಮ್ರಿ ಇಕಿ?"

"ಆಕಿನೇ," ಎಂದ ಜಲಾಲುದ್ದೀನ. "ಜಾಗದ ಗುರುತೂ ಆಕಿ ಪ್ಲಾಟಿಂದೇ. ನೀವೇ ತಾಳೆ ನೋಡ್ರಿ. ಮೊಬೈಲ್ ಸುಳ್ಳು ಹೇಳತೈತೇನ್ರಿ?"

"ಫೋಟೋ ತೆಗೆದವರು ಯಾರು?"

"ನಾವಲ್ರಿ. ಶಹಾಪುರದಾಗ ಒಂದು ಏಜೆನ್ಸಿಗಿ ಗುತ್ತಿಗಿ ಕೊಟ್ಟೇವಿ. ಅವರ ಮಂದಿ ಬರ್ತಾರ, ತಕ್ಕೊಂಡು ಹೋಗ್ತಾರ."

"ನೀವು ಯಾರೂ ಹೋಗಿ ಮನಿ ನೋಡಿಲ್ಲ?"

ಜಲಾಲುದ್ದೀನ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. "ಮೇಡಮ್ರಿ, ಮಾರ್ಚ್ ಅಖೇರಿ ಬಂತಂದ್ರ ನಮ್ಮ ಕುತ್ತಿಗಿಗಿ ಬರತೈತಿ. ಬಂದ ಹಣ ಖರ್ಚಾತು, ಇಷ್ಟು ಮನಿ ಮುಗದಾವು ಅಂತ ವರದಿ ಮ್ಯಾಲ ಹೋಗಬೇಕು. ಹೋಗಲಿಲ್ಲಂದ್ರ ಊರಿಗಿ ಮುಂದಿನ ಕಂತು ಬರಂಗಿಲ್ಲ. ಇನ್ನೂ ಮುನ್ನೂರು ಮನಿ ಬಾಕಿ ಅದಾವ. ಒಂದೊಂದು ಮನಿಗಿ ನಾ ಎಲ್ಲಿ ತಿರಗಲಿ?"

ಸುಮಲತಾ ಫೋಟೋದ ಪ್ರಿಂಟ್ ಪಡೆದು, ಜಪ್ತಿ ಪಂಚನಾಮೆ ಬರೆಸಿ, ಚಹಾ ಮುಟ್ಟದೆ ಎದ್ದಳು.

ಮಧ್ಯಾಹ್ನ ಬ್ಯಾಂಕಿನಿಂದ ಬಂದ ಮಾಹಿತಿ ಇನ್ನೂ ಕೆಟ್ಟದಾಗಿತ್ತು. ಕೊನೆಯ ಕಂತು ಗೊಲ್ಲಾಳಮ್ಮನ ಖಾತೆಗೇ ಜಮಾ ಆಗಿತ್ತು. ಮುಂದಿನ ಕೆಲವೇ ದಿನಗಳಲ್ಲಿ ಅಷ್ಟೂ ಹಣ ಹೊರಗೆ ಹೋಗಿತ್ತು. ಪ್ರತಿ ಸಲವೂ ಹೆಬ್ಬೆಟ್ಟು ನೋಡಿ ಹಣ ಕೊಡುವ ಯಂತ್ರದ ಮೇಲೆ ಬಿದ್ದದ್ದು ಅವಳದೇ ಹೆಬ್ಬೆಟ್ಟು.

"ಕೇಸು ಖತಂ," ಎಂದ ರಾಜಾಸಾಬ. "ಫೋಟೋದಾಗ ಆಕಿ, ಖಾತಿ ಆಕಿದು, ಹೆಬ್ಬಟ್ಟು ಆಕಿದು. ರೊಕ್ಕ ತಿಂದು ಮತ್ತ ರೊಕ್ಕ ಕೇಳಾಕ ಬಂದಾಳ. ಆ ಗಂಡ ಬ್ಯಾರೆ, ಕಣ್ಣಾಗ ನೀರು ತರೂದೊಂದು ಬಾಕಿ ಇತ್ತು!"

ಬುಧವಾರ ಬೆಳಿಗ್ಗೆ ಗೊಲ್ಲಾಳಮ್ಮನನ್ನು ಒಬ್ಬಳನ್ನೇ ಕರೆಸಿದರು. ಸುಮಲತಾ ಫೋಟೋದ ಪ್ರಿಂಟನ್ನು ಮೇಜಿನ ಮೇಲೆ ಸರಿಸಿದಳು.

ಗೊಲ್ಲಾಳಮ್ಮ ನೋಡಿದಳು. ಕೈಗೆ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

"ಯಾರಿದು?"

"ನಾನ್ರಿ."

"ಮನಿ ಯಾರದು?"

"ಗೊತ್ತಿಲ್ರಿ."

"ನಿಂತು ಫೋಟೋ ತಗಿಸಿಕೊಂಡೀದಿ, ಮನಿ ಯಾರದಂತ ಗೊತ್ತಿಲ್ಲ?"

ಅವಳು ಪ್ರಿಂಟನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಮೇಡಮ್ರಿ, ದೂರು ವಾಪಸ್ ತಗೋತೀನ್ರಿ. ನಂದ ತಪ್ಪಾತು," ಎಂದು ಎದ್ದು ನಿಂತಳು.

"ಎಫ್‌ಐಆರ್ ಅಂದ್ರ ಅಂಗಡ್ಯಾಗ ತಂದ ಸೀರಿ ಅಂತ ತಿಳಕೊಂಡೀ ಏನು, ತಿರುಗಿ ಕೊಡಾಕ?" ಎಂದು ರಾಜಾಸಾಬ ಗದರಿದ.

ನಿನ್ನೆ ಸ್ಲ್ಯಾಬ್ ಬೇಕು ಎಂದವಳು ಇಂದು ಏನೂ ಬೇಡ ಎನ್ನುತ್ತಾಳೆ. ಅಪರಾಧಿಗಳು ಹೀಗೆ ಮಾಡುತ್ತಾರೆ. ಹೆದರಿದವರೂ ಮಾಡುತ್ತಾರೆ. ಯಾವುದೆಂದು ತಿಳಿಯದೆ ಸುಮಲತಾ ಅವಳನ್ನು ಕಳಿಸಿಕೊಟ್ಟಳು. ರಾತ್ರಿ ಊಟ ಮಾಡುವಾಗಲೂ ಆ ನಗುವ ಮುಖ ಅವಳ ಕಣ್ಣ ಮುಂದೆಯೇ ಇತ್ತು, ಸಿಟ್ಟೂ ಬರುತ್ತಿತ್ತು.

ಏಪ್ರಿಲ್ 24, ಗುರುವಾರ. ಸ್ಥಳ ಪಂಚನಾಮೆಗೆ ಹೋದಾಗ ದೂರು ಅಕ್ಷರಶಃ ನಿಜವಾಗಿತ್ತು. ನಾಲ್ಕು ಗೋಡೆ, ಕಿಟಕಿಯ ಮೇಲೆ ಎರಡು ಸಾಲು ಇಟ್ಟಂಗಿ, ಮೇಲೆ ತಾಡಪತ್ರಿ. ನೀಲಿ ಬಣ್ಣ ಹೋಗಲಿ, ಒಂದು ಮೂಲೆಗೂ ಸಿಮೆಂಟಿನ ಗಿಲಾಯಿ ಆಗಿರಲಿಲ್ಲ. ಪಂಚರು ಸಹಿ ಹಾಕುತ್ತಿದ್ದರು. ಎದುರಿನ ನಳದಲ್ಲಿ ನೀರು ಬಂದಿತ್ತು, ಹೆಂಗಸರು ಕೊಡ ಹಚ್ಚಿ ನಿಂತಿದ್ದರು. ಅಷ್ಟರಲ್ಲಿ ಓಣಿಯ ಹಿರಿಯರೊಬ್ಬರು ಸೈಕಲ್ಲಿನ ಮೇಲೆ ಬಂದರು. ಮಾತಾಡುತ್ತಿದ್ದ ಹೆಂಗಸರೆಲ್ಲ ಗಪ್ಪಾಗಿ ಸೆರಗನ್ನು ಹಣೆಯ ತನಕ ಎಳೆದುಕೊಂಡರು. ಗೋಡೆಯ ಮರೆಯಲ್ಲಿದ್ದ ಗೊಲ್ಲಾಳಮ್ಮ ಕೂಡ ಎಳೆದುಕೊಂಡಳು. ಒಬ್ಬಳು ಮಾತ್ರ ಬರಿದಲೆಯಲ್ಲಿ ನಿಂತು, "ಏನ್ ಕಾಕಾ, ಜ್ವರ ಇಳೀತಾ?" ಎಂದು ಜೋರಾಗಿ ಕೇಳಿದಳು.

"ಆಕಿ ಯಾರು?" ಎಂದಳು ಸುಮಲತಾ.

"ಆಕಿ ಈ ಓಣಿ ಮಗಳ್ರಿ. ಬಾಣಂತನಕ್ಕ ಬಂದಾಳ," ಎಂದ ಪಂಚರಲ್ಲೊಬ್ಬ.

ಸುಮಲತಾ ಫೈಲಿನಿಂದ ಫೋಟೋ ತೆಗೆದಳು. ಅದರಲ್ಲಿ ಗೊಲ್ಲಾಳಮ್ಮನ ತಲೆಯ ಮೇಲೆ ಸೆರಗಿರಲಿಲ್ಲ. ಛೇ, ಎರಡು ದಿನ ಕಣ್ಣ ಮುಂದೆ ಇಟ್ಟುಕೊಂಡು ತಾನು ನೋಡಿದ್ದೇನು! ಯೂನಿಫಾರ್ಮ್ ಬಿಚ್ಚಿಟ್ಟು ಯಾದಗಿರಿಯ ಅತ್ತೆಯ ಮನೆಯ ಓಣಿಗೆ ಕಾಲಿಟ್ಟರೆ ಅವಳ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಸುರಪುರದಲ್ಲಿ ಇಳಿದರೆ ಹೋಗುವುದಿಲ್ಲ. ಈ ಸೀಮೆಯ ಯಾವ ಸೊಸೆಯೂ ಗಂಡನ ಮನೆಯ ಬಾಗಿಲಲ್ಲಿ ಬರಿದಲೆಯಲ್ಲಿ ನಿಂತು, ಹಲ್ಲು ಕಾಣುವಂತೆ ನಕ್ಕು ಫೋಟೋ ತೆಗೆಸಿಕೊಳ್ಳುವುದಿಲ್ಲ.

"ರಾಜಾಸಾಬ್, ಇದು ಗಂಡನ ಮನಿ ಅಲ್ಲ. ತವರುಮನಿ."

ರಾಜಾಸಾಬ ಫೋಟೋ ನೋಡಿದ, ನಳದ ಕಡೆ ನೋಡಿದ. "ಹೌದಲ್ರಿ ಮೇಡಮ್ರಿ," ಎಂದವನ ದನಿ ಇಳಿದಿತ್ತು.

ಗೊಲ್ಲಾಳಮ್ಮನ ತವರು ದೋರನಹಳ್ಳಿ ಎಂದು ಅಮರಪ್ಪನೇ ಹೇಳಿದ. ಅಲ್ಲಿ ಅವಳ ತಮ್ಮ ಬಸವಕುಮಾರ ಹೊಸ ಮನೆ ಕಟ್ಟಿಸಿದ್ದಾನೆ, ಜಿನ್ನಿನ ಸೀಜನ್ ಇದ್ದದ್ದರಿಂದ ಗೃಹಪ್ರವೇಶಕ್ಕೆ ತನಗೆ ಹೋಗಲಾಗಲಿಲ್ಲ ಎಂದ.

"ತಮ್ಮ ಏನು ಮಾಡ್ತಾನ?"

"ಶಹಾಪುರದಾಗ ಕಂಪ್ಯೂಟರ್ ಕೆಲಸ ಅಂತಾರ್ರಿ. ನಮ್ಮ ಮನಿ ಬಗ್ಗೆ ಅವಗೂ ಹೇಳಿದ್ವಿ. ಆಫೀಸಿನವರ ತಪ್ಪಿರಬೇಕು ಮಾಮಾ, ನೀವು ಗದ್ಲ ಮಾಡಬ್ಯಾಡ್ರಿ, ನಾ ನೋಡ್ತೀನಿ ಅಂದಿದ್ದ."

ಮಧ್ಯಾಹ್ನ ದೋರನಹಳ್ಳಿಯಲ್ಲಿ ಜೀಪು ನಿಂತದ್ದು ನೀಲಿ ಮನೆಯ ಮುಂದೆ. ತಲೆಬಾಗಿಲಿನ ಮಾವಿನ ತೋರಣ ಒಣಗಿತ್ತು. ಬಸವಕುಮಾರ ಕೆಲಸಕ್ಕೆ ಹೋಗಿದ್ದ, ಅವನ ಹೆಂಡತಿ ಬಾಗಿಲು ತೆಗೆದಳು. ಒಳಗೆ ಗೋಡೆಯ ಮೇಲೆ ಚೌಕಟ್ಟು ಹಾಕಿದ ದೊಡ್ಡ ಫೋಟೋ ಇತ್ತು. ಅದೇ ಬಾಗಿಲು, ಅದೇ ಗೊಲ್ಲಾಳಮ್ಮ. ವ್ಯತ್ಯಾಸವಿಷ್ಟೇ: ಇಲ್ಲಿ ಅವಳ ಪಕ್ಕದಲ್ಲಿ ತಮ್ಮನೂ ಅವನ ಹೆಂಡತಿಯೂ ನಿಂತಿದ್ದರು. ಕೆಳಗೆ ಮೊಳೆಗೆ ನೇತುಹಾಕಿದ್ದ ಬಸವಕುಮಾರನ ಹಳೆಯ ಗುರುತಿನ ಚೀಟಿಯಲ್ಲಿ ಶಹಾಪುರದ ಆ ಏಜೆನ್ಸಿಯ ಹೆಸರಿತ್ತು.

"ಈ ಫೋಟೋ ಯಾವಾಗಾದ್ರೂ ಗ್ವಾಡಿಯಿಂದ ಇಳಿಸಿದ್ರೇನಮ್ಮ?" ಎಂದಳು ಸುಮಲತಾ.

"ಒಮ್ಮೆ ಇಳಿಸಿದ್ರಿ. ಕನ್ನಡಿ ಬಿರುಕು ಬಿಟ್ಟೈತಿ, ರಿಪೇರಿ ಮಾಡಿಸ್ಕೊಂಡು ಬರ್ತೀನಿ ಅಂತ ಬೈಕ್ ಮ್ಯಾಲ ಒಯ್ದಿದ್ರು. ಮಾರ್ಚ್ ತಿಂಗಳದಾಗ."

ರಾಜಾಸಾಬ ಸುಮಲತಾಳ ಕಿವಿಯ ಹತ್ತಿರ ಬಂದ. "ಫೋಟೋದ ಫೋಟೋ ಹೊಡದಾನ್ರಿ. ಅಕ್ಕನ ಪ್ಲಾಟಿನಾಗ ಇದನ್ನ ನಿಲ್ಲಿಸಿ, ಮನಿ ಮತ್ತ ಅಕ್ಕ ಅಷ್ಟೇ ಬರೂ ಹಂಗ ಮೊಬೈಲ್‌ನಾಗ ಹಿಡದಾನ. ಜಾಗ ಖರೇ, ಮನಿ ಸುಳ್ಳು. ಎಂಥಾ ಹರಾಮಖೋರ ಇದಾನ್ರಿ!"

ಚೌಕಟ್ಟು ಜಪ್ತಿಯಾಯಿತು. ಇನ್ನು ಉಳಿದದ್ದು ಹೆಬ್ಬೆಟ್ಟು. ಅದನ್ನು ಹೇಳಬೇಕಾದವಳು ಒಬ್ಬಳೇ.

ಸಂಜೆ ಗೊಲ್ಲಾಳಮ್ಮ ಬಂದಾಗ ಚೌಕಟ್ಟು ಠಾಣೆಯ ಗೋಡೆಗೆ ಒರಗಿತ್ತು. ಅವಳು ಅದನ್ನು ನೋಡಿ ನೆಲದ ಮೇಲೆ ಕುಳಿತುಬಿಟ್ಟಳು.

"ಪ್ರಿಂಟ್ ನೋಡಿದ ಕೂಡ್ಲೇ ನಿನಗ ಗೊತ್ತಾಗಿತ್ತು," ಎಂದಳು ಸುಮಲತಾ. "ಅದಕ್ಕ ವಾಪಸ್ ತಗೋತೀನಿ ಅಂದಿ."

"ಹೌದ್ರಿ."

"ಈಗ ಕೇಳು. ರೊಕ್ಕ ತಗದಿದ್ದು ನಿನ್ನ ಹೆಬ್ಬಟ್ಟು. ನೀ ಬಾಯಿ ಬಿಡಲಿಲ್ಲಂದ್ರ ಅಕ್ಕ ತಮ್ಮ ಕೂಡಿ ಮಾಡ್ಯಾರ ಅಂತ ಆಗತೈತಿ. ಮನಿ ಮುಗದ ಲೆಕ್ಕದಾಗೇ ಉಳೀತೈತಿ. ನಿನಗ ಸ್ಲ್ಯಾಬ್ ಇಲ್ಲ, ಇವತ್ತೂ ಇಲ್ಲ, ಎಂದೆಂದೂ ಇಲ್ಲ. ಹೇಳಿದಿ ಅಂದ್ರ ನಿನ್ನ ತಮ್ಮ ಒಳಗ ಹೋಗ್ತಾನ. ಎರಡೂ ನಿನ್ನ ಮುಂದ ಐತಿ."

"ಹೇಳಿದ ಮ್ಯಾಲ ದೋರನಹಳ್ಳಿಗಿ ನಾ ಹೆಂಗ ಹೋಗ್ಲಿ? ಪಂಚಮಿ ಹಬ್ಬಕ್ಕ ತವರಿಗಿ ನನ್ನ ಕರಿಯಾಕ ಯಾರು ಬರ್ತಾರ್ರಿ ಮೇಡಮ್ರಿ?"

ರಾಜಾಸಾಬ ಎದ್ದು ಹೋಗಿ ಒಂದು ಲೋಟ ನೀರು ತಂದು ಗೊಲ್ಲಾಳಮ್ಮನ ಮುಂದಿಟ್ಟ.

ನೀರು ಕುಡಿದು ಅವಳು ಹೇಳತೊಡಗಿದಳು. ಏಪ್ರಿಲ್ ಮೊದಲ ವಾರ ಬಸವಕುಮಾರ ಮನೆಗೆ ಬಂದಿದ್ದ. ಸಣ್ಣ ಯಂತ್ರ ತಂದಿದ್ದ. ರೇಷನ್ ಕಾರ್ಡು ರದ್ದಾಗಬಾರದು, ಹೆಬ್ಬೆಟ್ಟು ಒತ್ತು ಅಕ್ಕಾ ಎಂದ. ಸರಿಯಾಗಿ ಬೀಳಲಿಲ್ಲ ಎಂದು ಮತ್ತೆ ಒತ್ತಿಸಿದ. ನಾಳೆಯೂ ಬರುತ್ತೇನೆ ಎಂದು ಮರುದಿನವೂ ಬಂದ, ಅದರ ಮರುದಿನವೂ ಬಂದ. "ಮೂರು ದಿನ ಬಂದ್ನಲ್ಲ, ನಂಗ ಖುಷಿ ಆಗಿತ್ತ್ರಿ," ಎಂದಳು. "ದಿನಾ ರೊಟ್ಟಿ ಮಾಡಿ ಹಾಕಿದೆ."

ಹೇಳಿಕೆಯನ್ನು ಓದಿ ಹೇಳಿದ ಮೇಲೆ ಅವಳು ಒಂದಕ್ಷರವನ್ನೂ ಬದಲಿಸಲಿಲ್ಲ.

ಏಪ್ರಿಲ್ 25, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ ಶಹಾಪುರದ ಬಸ್ ನಿಲ್ದಾಣದ ಹಿಂದಿನ ಏಜೆನ್ಸಿ ಕಚೇರಿಯಲ್ಲಿ ಬಸವಕುಮಾರನನ್ನು ದಸ್ತಗಿರಿ ಮಾಡಲಾಯಿತು. ಅವನು ಓಡಲಿಲ್ಲ. ಮೊಬೈಲನ್ನು ತಾನೇ ಮೇಜಿನ ಮೇಲಿಟ್ಟು, "ಯಾರ ಮನಿ ಬಗ್ಗೆ ದೂರು ಬಂದೈತ್ರಿ?" ಎಂದು ಕೇಳಿದ.

"ಯಾಕ, ಭಾಳ ಮನಿ ಮುಗಿಸೀ ಏನು?" ಎಂದ ರಾಜಾಸಾಬ.

"ಇಲ್ರಿ. ಒಂದೇ."

"ಹಂಗಾದ್ರ ಆ ಒಂದರ ಬಗ್ಗೇನೇ. ನಿಮ್ಮಕ್ಕನೇ ಕೊಟ್ಟಾಳ."

"ಅಕ್ಕ ಕೊಡಂಗಿಲ್ರಿ," ಎಂದ. ರಾಜಾಸಾಬ ಎಫ್‌ಐಆರ್ ಪ್ರತಿ ತೋರಿಸಿದ ಮೇಲೆ ಅವನು ಎದ್ದು ಜೀಪಿನ ಕಡೆ ನಡೆದ.

ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಏಜೆನ್ಸಿ ಏಳು ತಿಂಗಳಿಂದ ಅವನಿಗೆ ಸಂಬಳ ಕೊಟ್ಟಿರಲಿಲ್ಲ. ಊರುಗಳ ವರದಿ ಮೇಲೆ ಹೋಗಿ ಒಪ್ಪಿಗೆಯಾದರೆ ಮಾತ್ರ ಏಜೆನ್ಸಿಗೆ ಹಣ, ಆಮೇಲೆ ಸಂಬಳ. ಬಿಳಿಗುಂಡದ ಲೆಕ್ಕದಲ್ಲಿ ಮಾರ್ಚ್ ಅಖೇರಿಗೆ ಒಂದು ಮನೆ ಕಡಿಮೆ ಬಿತ್ತು. ಏನಾದರೂ ಮಾಡಿ ತುಂಬಿಸು ಎಂದರು. ಯಾರೆಂದು ಕೇಳಿದರೆ ಎಲ್ಲರೂ ಎಂದ. ಅಕ್ಕನ ಖಾತೆಗೆ ಹಣ ಬಂದ ಮೇಲೆ ಕೈ ತಡೆಯಲಿಲ್ಲ, ತನ್ನ ನೀಲಿ ಮನೆಯ ಕಿಟಕಿ ಬಾಗಿಲಿನ ಅಂಗಡಿಯ ಬಾಕಿಗೆ ಕೊಟ್ಟ. ಸಂಬಳ ಬಂದರೆ ಅಕ್ಕನ ಸ್ಲ್ಯಾಬ್ ಹಾಕಿಸುವುದೆಂದು ಅಂದುಕೊಂಡಿದ್ದನಂತೆ. ಸಂಬಳ ಬಂದಿರಲಿಲ್ಲ.

"ಅಷ್ಟು ಮನಿ ಇದ್ದಾಗ ಅಕ್ಕಂದೇ ಯಾಕ ಆರಿಸಿದಿ?" ಎಂದು ಸುಮಲತಾ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡರು: ಬೇರೆಯವರ ಮನೆಯಾದರೆ ದೂರು ಕೊಡುತ್ತಿದ್ದರು. ತವರಿನ ಮೇಲೆ ಅಕ್ಕ ದೂರು ಕೊಡುವುದಿಲ್ಲವೆಂದು ನನಗೆ ಗೊತ್ತಿತ್ತು.

ಏಜೆನ್ಸಿಯ ಬಗ್ಗೆಯೂ, ಮನೆ ನೋಡದೆ ಒಪ್ಪಿದವರ ಬಗ್ಗೆಯೂ ಪ್ರತ್ಯೇಕ ವರದಿ ಯಾದಗಿರಿಯ ಜಿಲ್ಲಾ ಕಚೇರಿಗೆ ಹೋಯಿತು. ಗೊಲ್ಲಾಳಮ್ಮನ ಮನೆಯನ್ನು ಪೂರ್ಣಗೊಂಡ ಮನೆಗಳ ಲೆಕ್ಕದಿಂದ ತೆಗೆಯಬೇಕೆಂದು ಪಟ್ಟಣ ಪಂಚಾಯಿತಿಗೆ ಪತ್ರ ಬರೆದದ್ದನ್ನು ತಿಳಿಸಲು ಸುಮಲತಾ ಅವಳನ್ನು ಕರೆಸಿದಳು. ಸ್ಲ್ಯಾಬ್ ಮಳೆಗಾಲಕ್ಕೆ ಮೊದಲೇ ಆದೀತೆಂದು ಅವಳಿಗೆ ಭರವಸೆ ಕೊಡಲಾಗಲಿಲ್ಲ. ಆದರೆ ಆ ಮನೆ ಮುಗಿದಿಲ್ಲ ಎಂಬುದು ಕಡೆಗೂ ಕಾಗದದ ಮೇಲೆ ಬಂದಿತ್ತು.

ಗೊಲ್ಲಾಳಮ್ಮ ತಲೆಯಾಡಿಸಿದಳು. ಆಮೇಲೆ, "ನಂದೇ ಯಾಕ ಆರಿಸಿದ್ನಂತ್ರಿ?" ಎಂದು ಕೇಳಿದಳು.

ಸುಮಲತಾ ಹೇಳಬಾರದೆಂದುಕೊಂಡಿದ್ದಳು. ಹೇಳಿದಳು.

"ಖರೇನೇ ಅಂದಾನ್ರಿ," ಎಂದಳು ಗೊಲ್ಲಾಳಮ್ಮ. "ಅವನ ಕೆಲಸ ಅಂತ ಗೊತ್ತಿದ್ದರ ನಾ ಈ ಕಟ್ಟಿ ಹತ್ತತಿದ್ದಿಲ್ಲ. ಬಾಯಿ ಬಿಟ್ಟು ಕೇಳಿದ್ದರ ರೊಕ್ಕನೂ ಕೊಡ್ತಿದ್ದೆ, ಇನ್ನೊಂದು ಮಳಿಗಾಲ ಜಿನ್ನಿನಾಗ ಕಳೀತಿದ್ದೆ. ಮೂರು ದಿನ ನನ್ನ ಮುಂದ ಕುಂತು ಉಂಡಾನ್ರಿ. ಕೇಳಲಿಲ್ಲ."

ಅವಳು ಎದ್ದು, ಇನ್ನೇನಾದರೂ ಸಹಿ ಉಳಿದಿದೆಯೇ ಎಂದು ರಾಜಾಸಾಬನನ್ನು ಕೇಳಿದಳು. ಇಲ್ಲವೆಂದ ಮೇಲೆ ಮನೆಗೆ ಹೋದಳು.