ಬಲಗಡೆಯ ಸೀಟು

“ಬಂದ್ರಾ ಜೋಡೆತ್ತಿನ ಯಜಮಾನರು?”

ಹ್ಯಾಂಗರಿನ ಬಾಗಿಲಲ್ಲಿ ನಿಂತು ಅವಳು ಕೂಗಿದ್ದೇ ತಡ, ವಿಮಾನದ ರೆಕ್ಕೆಯಿಂದ ಇಳಿಯುತ್ತಿದ್ದ ಹಲ್ಲಿನ ಡಾಕ್ಟರ್ ಕಾಲು ಜಾರಿ, ಹೇಗೋ ಸಾವರಿಸಿಕೊಂಡು ನಿಂತ. ಊರವರ ಬಾಯಿ ತೆಗೆಸುವ ಈ ಮನುಷ್ಯನಿಗೆ ಅವಳ ಎದುರು ಮಾತ್ರ ಬಾಯಿ ಬರುತ್ತಿರಲಿಲ್ಲ.

“ಬಂದೆ ಮೇಡಂ.”

“ಎತ್ತುಗಳು ಹೇಗಿವೆ?”

“ಚೆನ್ನಾಗಿವೆ,” ಅಂದ. ಅಂದವನೇ ನೆಲ ನೋಡಿದ.

ಅವನ ವಿಮಾನಕ್ಕೆ ಎಡ ರೆಕ್ಕೆಯ ಮೇಲೊಂದು, ಬಲ ರೆಕ್ಕೆಯ ಮೇಲೊಂದು ಎಂಜಿನ್. ಅದಕ್ಕೇ ಅವಳು ಜೋಡೆತ್ತು ಅಂತ ಹೆಸರಿಟ್ಟಿದ್ದಳು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಪರೀಕ್ಷೆ ಮಾಡಿ, ಇನ್ನೊಂದು ವರ್ಷ ಹಾರಬಹುದು ಅಂತ ಸಹಿ ಹಾಕುವ ಇಂಜಿನಿಯರ್ ಅವಳು. ಕೂದಲನ್ನು ಗಂಟು ಕಟ್ಟಿ ಅದಕ್ಕೊಂದು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಆಮೇಲೆ ಅದೇ ಪೆನ್ನನ್ನು ಹ್ಯಾಂಗರೆಲ್ಲ ಹುಡುಕುತ್ತಿದ್ದಳು. ತಲೆಯಲ್ಲೇ ಇದೆ ಅಂತ ಹೇಳುವ ಭಾಗ್ಯ ವರ್ಷಕ್ಕೆ ಹತ್ತು ಹನ್ನೆರಡು ದಿನ ಡಾಕ್ಟರಿಗೆ ಸಿಗುತ್ತಿತ್ತು. ಆ ಭಾಗ್ಯಕ್ಕಾಗಿಯೇ ಅವನು ವಿಮಾನ ಸಾಕುತ್ತಿದ್ದ ಅಂದರೆ ಯಾರೂ ನಂಬಲಿಕ್ಕಿಲ್ಲ. ನಿಜ ಅದೇ.

ಕೊಂಡಾಗ ಹಾಗಿರಲಿಲ್ಲ. ಆಗ ಹಾರುವ ಹುಚ್ಚಿತ್ತು. ಹುಚ್ಚು ಬಿಟ್ಟಿತು, ಖರ್ಚು ಬಿಡಲಿಲ್ಲ. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಕೂತು ರೋಗಿಗಳನ್ನು ಒಳಗೆ ಕಳಿಸುವ ಅವನ ಅಕ್ಕ ದಿನಾ ಹಾಡುತ್ತಿದ್ದ ಹಾಡೇ ಇದು. “ಬಿಳಿ ಆನೆ ಸಾಕೋನ್ನ ನೋಡಿದ್ದೀನಿ, ಜೋಡಿ ಆನೆ ಸಾಕೋನು ನೀನೊಬ್ಬನೇ ಕಣೋ. ಏನೇ ತಂದ್ರೂ ಎರಡೆರಡು ತರಬೇಕು. ಹಾರಿದ್ರೆ ಪೆಟ್ರೋಲು, ಹಾರದೇ ಇದ್ರೆ ತುಕ್ಕು. ನಿಂತ ಜಾಗಕ್ಕೆ ಬಾಡಿಗೆ, ಬೀಳದೇ ಇದ್ರೂ ವಿಮೆ. ಇಲ್ಲಿ ರೋಗಿ ಕೂರೋ ಕುರ್ಚಿ ಹರಿದು ಬಾಯಿ ಬಿಟ್ಟಿದೆ, ಅದಕ್ಕೆ ನಾನು ಪ್ಲಾಸ್ಟರ್ ಅಂಟಿಸ್ತಾ ಕೂತಿದ್ದೀನಿ!”

ಅಕ್ಕನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ವಿಮಾನ ಮಾರಿದರೆ ಹ್ಯಾಂಗರಿಗೆ ಹೋಗಲು ಏನು ನೆಪ?

ಅವಳು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಡಗಡೆ ಎಂಜಿನ್ನಿನೊಳಗೆ ತಲೆ ತೂರಿಸಿದಳು. ಕಚ್ಚಿದ್ದು ಎಡಗಡೆಯ ಹಲ್ಲಿನಲ್ಲಿ. ಹೋದ ವರ್ಷವೂ ಹಾಗೇ ಕಚ್ಚಿದ್ದಳು. ಟೀ ಕುಡಿಯುವಾಗಲೂ ಲೋಟ ಎಡಕ್ಕೇ ವಾಲುತ್ತಿತ್ತು.

“ಬಲಗಡೆ ದವಡೆ ಹಲ್ಲು ತೋರಿಸಿ ಅಂತ ಹೋದ ವರ್ಷವೇ ಹೇಳಿದ್ದೆ,” ಅಂದ ಡಾಕ್ಟರ್. “ಒಂದೇ ಎಂಜಿನ್ನಲ್ಲಿ ಊಟ ನಡೆಸ್ತಿದ್ದೀರಿ.”

ಅವಳು ಟಾರ್ಚು ತೆಗೆದು ನಕ್ಕಳು. ಕೆನ್ನೆಯ ಮೇಲೆ ಗ್ರೀಸಿನ ಗೆರೆಯೊಂದಿತ್ತು. ಅದನ್ನು ಒರೆಸಲು ಅವನ ಹೆಬ್ಬೆರಳು ತಾನಾಗಿಯೇ ಎದ್ದು, ಬುದ್ಧಿ ಬಂದು ಜೇಬಿನೊಳಗೆ ಹೋಯಿತು.

“ನಿಮ್ಮ ಕುರ್ಚಿ ಹತ್ತೋ ಧೈರ್ಯ ನನಗಿಲ್ಲ ಡಾಕ್ಟ್ರೇ. ಎಲ್ಲರಿಗೂ ‘ಏನೂ ನೋವಾಗಲ್ಲ’ ಅಂತೀರಂತೆ. ಅಲ್ಲೇ ಗೊತ್ತಾಗತ್ತಲ್ಲ, ನೀವೆಂಥ ಸುಳ್ಳುಗಾರರು ಅಂತ.”

ಅವಳು ಹೇಳಿದ್ದು ತಮಾಷೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಡಾಕ್ಟರ ಮುಖ ಮಾತ್ರ ಕೆಂಪಾಯಿತು. ಅವಳು ಅದನ್ನು ಬೇರೆ ಥರ ಅರ್ಥ ಮಾಡಿಕೊಂಡಳು. ತಾನೂ ಸ್ವಲ್ಪ ಕೆಂಪಾಗಿ, ಇಲ್ಲದ ಸ್ಪ್ಯಾನರನ್ನು ಹುಡುಕಿದಳು.

“ಎಣ್ಣೆ ಫಿಲ್ಟರ್ ಬಿಚ್ಚಲಾ?”

“ಹೋದ ವಾರ ನಾನೇ ಬದಲಾಯಿಸಿದೆ. ಎರಡೂ ಕಡೆ.”

“ಹಳೇದನ್ನ ಕತ್ತರಿಸಿ ನೋಡಿದ್ರಾ?”

“ನೋಡಿದೆ.” ಎಣ್ಣೆ ಒರೆಸುವ ಬಟ್ಟೆ ತೆಗೆದು ಮಡಿಸತೊಡಗಿದ. “ಚೊಕ್ಕಟವಾಗಿತ್ತು.”

ಆ ಕೆಲಸ ಅವನಿಗೆ ಕಲಿಸಿದವಳು ಅವಳೇ. ಹೋದ ವರ್ಷ ಪಕ್ಕದಲ್ಲಿ ಕೂರಿಸಿಕೊಂಡು, ಫಿಲ್ಟರಿನ ತಗಡು ಕೊಯ್ದು, ಒಳಗಿನ ಮಡಿಕೆ ಮಡಿಕೆಯ ಕಾಗದವನ್ನು ಬಿಸಿಲಿಗೆ ಹರಡಿ ತೋರಿಸಿದ್ದಳು. ಎಂಜಿನ್ನಿನೊಳಗೆ ಏನಾದರೂ ಸವೆಯುತ್ತಿದ್ದರೆ ಲೋಹದ ಚೂರು ಇದರಲ್ಲಿ ಬಂದು ಕೂರುತ್ತದೆ, ಹೊಳೆದರೆ ಹಾರಬೇಡಿ ಅಂದಿದ್ದಳು. ಮೊಣಕೈಗೆ ಮೊಣಕೈ ತಾಗಿತ್ತು. ಇಬ್ಬರೂ ಸರಿದು ಕೂತಿರಲಿಲ್ಲ.

ಈಗ ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ನೀವು ನೋಡಿದ್ರೆ ನಾನು ನೋಡಿದ ಹಾಗೇ ಬಿಡಿ,” ಅಂದಳು ಮೆಲ್ಲಗೆ. ಹೇಳಿ, ಇನ್ನೊಂದು ಎಂಜಿನ್ನಿನ ಕಡೆ ಬೇಗ ಬೇಗ ನಡೆದುಹೋದಳು.

ಎಷ್ಟೋ ವರ್ಷದಿಂದ ಡಾಕ್ಟರ್ ಇಂಥ ಒಂದು ಮಾತಿಗೆ ಕಾದಿದ್ದ. ಬಂದದ್ದು ಈ ಹೊತ್ತಿನಲ್ಲಿ, ಈ ಸುಳ್ಳಿನ ಬೆನ್ನಿಗೆ.

ಬಲಗಡೆ ಎಂಜಿನ್ನಿನ ಹಳೇ ಫಿಲ್ಟರಿನ ಕಾಗದ ಬಿಸಿಲಿಗೆ ಹಿಡಿದಾಗ ಜರಿ ಅಂಚಿನ ಹಾಗೆ ಮಿನುಗಿತ್ತು. ಆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸುವ ಖರ್ಚಿನಲ್ಲಿ ಇನ್ನೊಂದು ಕ್ಲಿನಿಕ್ ತೆರೆಯಬಹುದಿತ್ತು. ಹೇಳಿದರೆ ವಿಮಾನ ಹೋಗುತ್ತದೆ, ವಿಮಾನ ಹೋದರೆ ಅವಳೂ ಹೋಗುತ್ತಾಳೆ. ಇನ್ನೊಂದೇ ಒಂದು ವರ್ಷ ಅಂತ ತನಗೆ ತಾನೇ ಹೇಳಿಕೊಂಡು, ಆ ಕಾಗದವನ್ನು ಕ್ಲಿನಿಕ್ಕಿನ ಕಸದ ಡಬ್ಬಿಯಲ್ಲಿ ಹತ್ತಿಯ ಕೆಳಗೆ ತುರುಕಿದ್ದ. ಮಾರನೆಯ ದಿನ ಬಂದ ರೋಗಿಯೊಬ್ಬರ ವಸಡು ಕೆರೆದು ಕೆಂಪಾಗಿತ್ತು. ವರ್ಷವೆಲ್ಲ ಉಜ್ಜದೆ, ಡಾಕ್ಟರ ಹತ್ತಿರ ಬರುವ ಬೆಳಿಗ್ಗೆ ಮಾತ್ರ ಗಸಗಸ ಉಜ್ಜಿ ಬಂದಿದ್ದರು. ಇಂಥವರನ್ನು ಕಂಡು ಒಳಗೊಳಗೇ ನಗುವುದು ಅವನ ರೂಢಿ. ಅವತ್ತು ನಗು ಬರಲಿಲ್ಲ.

ಕೆಲಸ ಮುಗಿದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಅವಳು ತಲೆಯಿಂದ ಪೆನ್ನು ತೆಗೆದು ಸಹಿ ಹಾಕಿದಳು. ಅವಳದೊಂದು ನಿಯಮವಿತ್ತು: ಸಹಿ ಹಾಕಿದ ಕೈ ಮೊದಲ ಹಾರಾಟದಲ್ಲಿ ವಿಮಾನದೊಳಗೇ ಇರಬೇಕು. ಇದನ್ನು ಅವಳಿಗೆ ಹೇಳಿಕೊಟ್ಟದ್ದು ಅವಳ ಗುರುಗಳು. ಪ್ರತಿವರ್ಷ ಡಾಕ್ಟರ್ ಎಡಗಡೆ ಕೂತು ಹಾರಿಸುತ್ತಿದ್ದ, ಅವಳು ಬಲಗಡೆ ಕೂರುತ್ತಿದ್ದಳು. ವರ್ಷದಲ್ಲಿ ಅವನಿಗೆ ಅದೇ ಹಬ್ಬ.

ಈ ಸಲ ಅವಳು ಮುಖ ತೊಳೆದು, ಬೇರೆ ಅಂಗಿ ಹಾಕಿಕೊಂಡು ಬಂದಿದ್ದಳು.

“ಹಾಗೆ ನೋಡಬೇಡಿ,” ಅಂದಳು ಬೆಲ್ಟು ಬಿಗಿಯುತ್ತ. “ಆ ಅಂಗಿ ಒಗೆಯೋಕೆ ಹಾಕಿದ್ದೀನಿ, ಅಷ್ಟೇ.”

“ನಾನೇನೂ ಕೇಳಲಿಲ್ಲವಲ್ಲ.”

“ಕಣ್ಣು ಕೇಳ್ತಿತ್ತು.”

ಎಡಗಡೆ ಎಂಜಿನ್ ಗುಡುಗಿ ಎದ್ದಿತು. ಇನ್ನು ಬಲಗಡೆಯದು. ಡಾಕ್ಟರ ಬೆರಳು ಗುಂಡಿಯ ಮೇಲೆ ಹೋಯಿತು. ಅವಳು ಕಿಟಕಿಗೆ ಹಣೆ ತಾಗಿಸಿ ಕೈಯಳತೆಯಲ್ಲಿದ್ದ ಆ ಎಂಜಿನ್ನನ್ನೇ ನೋಡುತ್ತಿದ್ದಳು, ಮಕ್ಕಳನ್ನು ಶಾಲೆಯ ಗೇಟಿನೊಳಗೆ ಬಿಟ್ಟು ನೋಡುವ ತಾಯಿಯ ಹಾಗೆ. ಅವಳ ಕಿವಿಯ ಹಿಂದೆ ಸೋಪಿನ ನೊರೆ ಒಂದಿಷ್ಟು ಒಣಗಿ ಉಳಿದಿತ್ತು. ಅದನ್ನು ಕಂಡದ್ದೇ ಡಾಕ್ಟರಿಗೆ ಕೈ ಆಡದೆ ಹೋಯಿತು.

ಅವನು ಎಡಗಡೆಯದನ್ನೂ ಆರಿಸಿಬಿಟ್ಟ.

“ಏನಾಯ್ತು?”

“ಫಿಲ್ಟರ್ ಚೊಕ್ಕಟವಾಗಿರಲಿಲ್ಲ,” ಅಂದ. “ಬಲಗಡೇದು. ಹೊಳೀತಿತ್ತು. ನಾನು ನೋಡಿದೆ. ನೋಡಿ, ಬಿಸಾಕಿ, ನಿಮ್ಮ ಹತ್ರ ಸುಳ್ಳು ಹೇಳಿದೆ.”

ಪ್ರೊಪೆಲ್ಲರ್ ಇನ್ನೂ ನಿಧಾನವಾಗಿ ಸುತ್ತುತ್ತಿತ್ತು. ಆಮೇಲೆ ನಿಂತಿತು.

“ನಾನು ಇಲ್ಲೇ ಕೂರ್ತೀನಿ ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಆದ್ರೂ?”

ಅವನಿಗೆ ನಾಚಿಕೆಯಿಂದ ಕಣ್ಣು ಮಂಜಾಯಿತು. ಹೇಳಬಾರದೆಂದಿದ್ದ ಮಾತು, ಹೇಳಬೇಕೆಂದು ಎಷ್ಟೋ ವರ್ಷ ತಾಲೀಮು ಮಾಡಿದ್ದ ಮಾತು, ಎರಡೂ ಒಟ್ಟಿಗೆ ಹೊರಬಿದ್ದವು. “ಹೇಳಿದ್ರೆ ವಿಮಾನ ಮಾರಬೇಕಾಗ್ತಿತ್ತು ಮೇಡಂ. ಮಾರಿದ್ರೆ ಇಲ್ಲಿಗೆ ಬರೋಕೆ ನನಗೆ ನೆಪ ಇರ್ತಿರಲಿಲ್ಲ. ನಾನು ಬರ್ತಿದ್ದಿದ್ದೇ ನಿಮ್ಮನ್ನ ನೋಡೋಕೆ.”

ಅವಳು ಅವನ ಕಡೆ ತಿರುಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

“ಬಸ್ಸಿದೆಯಲ್ಲ ಡಾಕ್ಟ್ರೇ,” ಅಂದಳು. ಧ್ವನಿ ಒಡೆದಿತ್ತು. “ಬಸ್ಸಲ್ಲಿ ಬಂದಿದ್ರೆ ನಾನೇನು ಟೀ ಕೊಡ್ತಿರಲಿಲ್ವಾ?”

ಆ ವಿಮಾನಕ್ಕೆ ಬಾಗಿಲು ಒಂದೇ, ಅದೂ ಬಲಗಡೆ. ಅವಳು ಇಳಿಯುವ ತನಕ ಅವನು ಇಳಿಯುವಂತಿರಲಿಲ್ಲ. ಅವಳ ಬೆಲ್ಟಿನ ಕೊಂಡಿ ಬೇಗ ಬಿಚ್ಚಿಕೊಳ್ಳಲಿಲ್ಲ. ಅಷ್ಟೂ ಹೊತ್ತು ಅವನು ಅವಳ ಪಕ್ಕದಲ್ಲೇ, ಎಲ್ಲಿಗೂ ಓಡಲಾಗದೆ, ತನ್ನ ಮೊಣಕಾಲು ನೋಡುತ್ತ ಕೂತಿದ್ದ. ಆಮೇಲೆ ಅವಳು ಹ್ಯಾಂಗರಿನೊಳಗೆ ಹೋಗಿ, ತಾನು ಹಾಕಿದ ಸಹಿಯನ್ನು ಅವನ ಎದುರಿಗೇ ಹೊಡೆದು ಹಾಕಿದಳು.

ಊರಿಗೆ ಅವನು ಬಸ್ಸಿನಲ್ಲಿ ಹೋದ. ಟಿಕೆಟ್ಟಿನ ಬೆಲೆ ಕೇಳಿ, ಕಂಡಕ್ಟರ್ ತಪ್ಪು ಹೇಳಿದರೇನೋ ಅಂತ ಇನ್ನೊಮ್ಮೆ ಕೇಳಿದ. ಅಷ್ಟು ಅಗ್ಗಕ್ಕೆ ಅವಳ ಹತ್ತಿರ ಹೋಗಿ ಬರಬಹುದಿತ್ತು, ಯಾವ ವಾರವಾದರೂ.

ಅಕ್ಕನಿಗೆ ಎಲ್ಲ ಹೇಳಿದ. ವಿಮಾನ ಮಾರುತ್ತೇನೆ ಅಂದಾಗ ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದ. ಅಕ್ಕ ಕುಣಿಯಲಿಲ್ಲ. “ಕಾಸು ಹೋದ್ರೆ ಸಂಪಾದಿಸಬಹುದು ಕಣೋ,” ಅಂದಳು. “ಆ ಹೆಣ್ಣುಮಗಳು ನಿನ್ನ ಮಾತು ನಂಬಿದ್ದಳಲ್ಲ, ಅದನ್ನ ಎಲ್ಲಿಂದ ತರ್ತೀಯ?”

ಕೆಟ್ಟ ಎಂಜಿನ್ನಿನ ವಿಷಯ ಮೊದಲು ಹೇಳಿ, ಆಮೇಲೆ ಬೆಲೆ ಮಾತಾಡಿದ್ದರಿಂದ ವಿಮಾನ ಇಡಿಯಾಗಿ ಹೋಗಲಿಲ್ಲ. ಬಿಡಿಬಿಡಿಯಾಗಿ, ಕೊಂಡದ್ದರ ಕಾಲು ಭಾಗಕ್ಕೆ ಹೋಯಿತು. ಕೊಂಡವರು ಬಂದು ಬಿಚ್ಚಿಕೊಂಡು ಹೋದರು. ಅವನು ಹ್ಯಾಂಗರಿಗೆ ಹೋಗಲಿಲ್ಲ. ಬಸ್ ನಿಲ್ದಾಣದ ತನಕ ಹೋಗಿ ವಾಪಸ್ ಬಂದದ್ದು ಮಾತ್ರ ಅಕ್ಕನಿಗೂ ಗೊತ್ತು. ರೋಗಿಗಳಿಗೆ “ಏನೂ ನೋವಾಗಲ್ಲ” ಅನ್ನುವಾಗ ಅವನ ನಾಲಿಗೆ ತಡವರಿಸತೊಡಗಿತು.

ಬಿಸಿಲು ಕಾಲ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ತಲೆ ಹಾಕಿ, ಎಂದೂ ಇಲ್ಲದ ಮೆಲು ದನಿಯಲ್ಲಿ, “ಒಬ್ಬರು ಬಂದಿದ್ದಾರೆ. ಬಸ್ಸಲ್ಲಿ ಬಂದ್ರಂತೆ,” ಅಂದಳು.

ತಲೆಯಲ್ಲಿ ಪೆನ್ನು ಹಾಗೇ ಇತ್ತು. ಬಲಗೆನ್ನೆ ಊದಿತ್ತು. ಅವಳು ಹೊಸ ಕುರ್ಚಿಯ ತೋಳನ್ನು ಅಲುಗಾಡಿಸಿ, ಕೆಳಗೆ ಬಗ್ಗಿ ಅದರ ಬೋಲ್ಟು ನೋಡಿದಳು.

“ಗಟ್ಟಿಯಾಗಿದೆ. ಎಷ್ಟಾಯ್ತು?”

“ಎಡಗಡೆ ಎತ್ತು ಮಾರಿದ ದುಡ್ಡು,” ಅಂದ.

ಅವಳು ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಹತ್ತಿ ಕೂತಳು. ಕೂತ ಮೇಲೆ ತನ್ನ ಕೈ ತಾನೇ ನೋಡಿಕೊಂಡಳು.

“ಅವತ್ತು ಎಲ್ಲಾನೂ ನಿಮ್ಮ ಮೇಲೇ ಹಾಕ್ದೆ. ನೋಡದೇ ಸಹಿ ಹಾಕಿದವಳು ನಾನು. ಬೇರೆ ಯಾರೇ ಆಗಿದ್ರೂ, ಫಿಲ್ಟರ್ ತನ್ನಿ ಅಂತಿದ್ದೆ. ಕಾಗದ ಎಲ್ಲಿ ಅಂತಿದ್ದೆ. ನಿಮ್ಮನ್ನ ಯಾಕೆ ಕೇಳಲಿಲ್ಲ ಅಂತ ಗುರುಗಳು ಬೈದ್ರು. ಅವರಿಗೆ ಏನಂತ ಹೇಳ್ಲಿ? ಇಷ್ಟು ದಿನ ನನ್ನ ಮುಖ ನಾನೇ ನೋಡ್ಕೊಳ್ಳೋಕೆ ಆಗಲಿಲ್ಲ.”

“ತಪ್ಪು ನನ್ನದು ಮೇಡಂ.”

“ನಿಮ್ಮದೇ. ನಂದೂ ಇದೆ. ಹಂಚ್ಕೊಳ್ಳೋಣ ಅಂತ ಬಂದೆ.” ಸ್ವಲ್ಪ ತಡೆದು, “ಇನ್ನೊಂದು ಹೇಳಿಬಿಡ್ತೀನಿ. ಇವತ್ತು ಬೆಳಿಗ್ಗೆ ಮೂರು ಸಲ ಹಲ್ಲುಜ್ಜಿದ್ದೀನಿ.”

“ನೋಡಿದ್ರೆ ಗೊತ್ತಾಗತ್ತೆ.”

“ಗೊತ್ತಾಗತ್ತೆ ಅಂತಲೇ ಹೇಳಿದ್ದು.”

ಅವನು ದೀಪ ಎಳೆದು ಅವಳ ಮುಖದ ಮೇಲೆ ತಂದ. ಅವಳ ಎರಡೂ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದವು.

“ನೋವಾಗತ್ತಾ?” ಅಂತ ಕೇಳಿದಳು.

ಎಂದಿನ ಮಾತು ಅವನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

“ಆಗತ್ತೆ,” ಅಂದ. “ಇಂಜೆಕ್ಷನ್ ಕೊಡುವಾಗ ಜೋರಾಗೇ ಆಗತ್ತೆ.”

ಅವಳು ಅವನನ್ನೇ ನೋಡಿದಳು. ಆಮೇಲೆ ಕುರ್ಚಿಯ ತೋಳು ಬಿಟ್ಟು, ಅವನ ಕೋಟಿನ ತುದಿ ಹಿಡಿದುಕೊಂಡು, ಕಣ್ಣು ಮುಚ್ಚಿ ಬಾಯಿ ತೆಗೆದಳು.