ಕುಜ ಬಿಟ್ಟುಕೊಟ್ಟ ಹುಡುಗಿ

ಚಳ್ಳಕೆರೆ ಕಾಲೇಜಿನ ವಿಜ್ಞಾನ ಮೇಳದಲ್ಲಿ ಆ ವಯಸ್ಸಾದ ಹೆಂಗಸು ರಾಮಾಂಜನೇಯನ ಮೇಜಿನ ಮುಂದೆ ನಿಂತಾಗ, ಈಕೆ ಯಾರು ಅಂತ ಕೇಳುವ ಬುದ್ಧಿ ಅವನಿಗೆ ಬರಲಿಲ್ಲ. ಬರುವುದಾದರೂ ಹೇಗೆ? ಪಕ್ಕದಲ್ಲಿ ಶಿಲ್ಪಾ ಇದ್ದಳು.

ಇಬ್ಬರೂ ಅಲ್ಲೇ ಫಿಸಿಕ್ಸ್ ಪಾಠ ಹೇಳುವವರು. ಅವನು ಕೊಂಡ್ಲಹಳ್ಳಿಯ ಕುರಿ ಕಾಯುವ ಮನೆಯವನು. ಅವಳು ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನವರ ಮಗಳು, ಲಿಂಗ ಕಟ್ಟುವ ಮನೆಯವಳು. ಇಬ್ಬರ ಮದುವೆ ಆಗದ ಮಾತು. ಆದರೆ ಅವಳ ಜಾತಕದಲ್ಲಿ ಕುಜದೋಷವಿತ್ತು, ಬಂದ ಸಂಬಂಧಗಳೆಲ್ಲ ಬಂದ ದಾರಿ ಹಿಡಿಯುತ್ತಿದ್ದವು. ಗಂಡು ಹುಡುಕಿ ಸೋತ ಅಪ್ಪ ಒಂದು ದಿನ ತನ್ನತ್ತಲೂ ನೋಡಿಯಾರು ಎಂಬ ಕಳ್ಳ ಆಸೆ ಅವನಿಗೆ. ಕುಜನಿಗೆ ಅವನಷ್ಟು ಕೈಮುಗಿದವರು ತಾಲೂಕಿನಲ್ಲೇ ಇರಲಿಕ್ಕಿಲ್ಲ.

ಮೇಜಿನ ಮೇಲೆ ಮಂಗಳನ ಚಿತ್ರಗಳಿದ್ದವು. ಅದರ ಸುತ್ತ ತಿರುಗುವ ನೌಕೆ ಕಳಿಸಿದ್ದನ್ನು ಸೈಬರ್ ಸೆಂಟರಿನಲ್ಲಿ ಕಾದು ಕೂತು ಪ್ರಿಂಟ್ ಹಾಕಿಸಿದ್ದ.

“ಬರೀ ಸುತ್ತೋದೇನಾ ಸರ್ ಇದು? ಇಳಿಯೋ ಧೈರ್ಯ ಇಲ್ವಾ?” ಶಿಲ್ಪಾ ಕಣ್ಣಂಚಿನಲ್ಲೇ ಕೆಣಕಿದಳು.

“ದೂರದಿಂದ್ಲೂ ಚೆನ್ನಾಗಿ ಕಾಣ್ತೈತೆ ಮೇಡಂ.”

ಅವಳು ಕೆಂಪಾಗಿ ಸೆರಗು ಸರಿಮಾಡಿಕೊಂಡಳು. ಅವನಿಗೆ ಅಷ್ಟೇ ಸಾಕಾಯಿತು. ಮಂಗಳ ಅಷ್ಟು ಕೆಟ್ಟ ಗ್ರಹವೇನಪ್ಪ ಅಂತ ಆ ಹೆಂಗಸು ಕೇಳಿದ್ದೇ ತಡ, ಶಿಲ್ಪಾಳ ಕಿವಿಗೂ ಬೀಳಲೆಂದು ಶುರುಮಾಡಿದ. ಅಲ್ಲಿರುವುದು ಕೆಂಪು ಧೂಳು, ಆರಿಹೋದ ಜ್ವಾಲಾಮುಖಿ, ಮಣ್ಣಿನಡಿ ಮಂಜುಗಡ್ಡೆ. ಅಲ್ಲೂ ಚಳಿಗಾಲ ಬರುತ್ತದೆ. ಗಾಳಿ ಎದ್ದರೆ ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ.

“ತನ್ನ ಮೈಮೇಲಿನ ಧೂಳನ್ನೇ ಕೊಡವಿಕೊಳ್ಳೋಕಾಗದ್ದು, ಇಲ್ಲಿರೋ ಹೆಣ್ಣಿನ ತಾಳಿಗೆ ಏನು ಮಾಡೀತಮ್ಮ?”

ಆಕೆ ಬಹಳ ಹೊತ್ತು ಚಿತ್ರಗಳನ್ನು ನೋಡಿ, ಅವನ ಬೆನ್ನು ತಟ್ಟಿ ಹೋದರು.

ಮುಂದಿನ ವಾರ ಜಂಬುಲಿಂಗಪ್ಪನವರು ಪೇಡ ಹಿಡಿದು ಕಾಲೇಜಿಗೇ ಬಂದರು. ಮೇಳಕ್ಕೆ ಬಂದಿದ್ದ ಆಕೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಮನೆಯ ಸುಲೋಚನಮ್ಮ. ಮಗ ವೀರೇಶ್ ಯಾವುದೋ ಮದುವೆಯಲ್ಲಿ ಶಿಲ್ಪಾಳನ್ನು ಕಂಡು ಮೆಚ್ಚಿದ್ದ, ತಾಯಿ ಜಾತಕ ಕಂಡು ಬೇಡವೆಂದಿದ್ದರು. ಮಗನ ಹಟಕ್ಕೆ ಹುಡುಗಿಯನ್ನು ಒಮ್ಮೆ ನೋಡಲು ಬಂದವರು, ಈಗ ಒಪ್ಪಿ ಹೇಳಿಕಳಿಸಿದ್ದರು.

“ನಿಮ್ಮಿಂದ ನನ್ನ ಮಗಳಿಗೊಂದು ಮನೆ ಆಯ್ತು ಮೇಷ್ಟ್ರೇ,” ಎಂದು ಅವರು ಕೈಮುಗಿದರು. ಅವನು ಪೇಡವನ್ನು ಕೈಯಲ್ಲೇ ಹಿಡಿದು ಲ್ಯಾಬಿನ ಕಡೆ ನಡೆದ.

ಲ್ಯಾಬಿನಲ್ಲಿ ಶಿಲ್ಪಾ ಒಬ್ಬಳೇ ಇದ್ದಳು. ಬೇಡ ಅನ್ನಬಾರದಿತ್ತೇ ಎಂದು ಕೇಳಿದ.

“ಏನಂತ ಅನ್ಲಿ? ಇದ್ದದ್ದು ಅದೊಂದೇ ನೆಪ. ಬರೋ ಗಂಡಿಗೆಲ್ಲ ನಾನೇ ಹಟ ಮಾಡಿ ಮೊದ್ಲು ಜಾತಕ ಕಳ್ಸಿಸ್ತಿದ್ದೆ. ಯಾರಿಗೋಸ್ಕರ ಅನ್ಕೊಂಡ್ರಿ?”

ವರ್ಷಗಳಿಂದ ನುಂಗಿಕೊಂಡಿದ್ದ ಮಾತನ್ನು ಅವನು ಆಗ ಹೇಳಿದ. ಅವಳು ಪೂರ್ತಿ ಕೇಳಿದಳು, ಅತ್ತಳು, ಅಪ್ಪನ ಮುಖ ನೆನೆದರೆ ಆಗುವುದಿಲ್ಲ ಎಂದಳು.

“ಮದುವೆಗೆ ಬರಬೇಡಿ ಸರ್. ನೀವು ಎದುರಿಗಿದ್ರೆ ನಂಗೆ ತಾಳಿಗೆ ತಲೆ ಬಗ್ಸೋಕಾಗಲ್ಲ.”

ಅವನು ಹೋಗಲಿಲ್ಲ.